ಹಳದಿ ದೀಪ

ಸದಾಶಿವನಗರದಿಂದ ಮಲ್ಲೇಶ್ವರದ ಎಂಟನೇ ಕ್ರಾಸಿಗೆ
ಎರಡೂವರೆ ಕಿಲೋಮೀಟರು.
ಎರಡೂವರೆ ಟನ್ನಿನ ಗಾಡಿ.
ಹಿಂದಿನ ಸೀಟಲ್ಲಿ ಮೇಡಂ, ಪಕ್ಕದಲ್ಲಿ ಒಂದು ಕಟ್ಟು ದಂಟಿನ ಸೊಪ್ಪು.

ನಾಲ್ಕು ಚಕ್ರಕ್ಕೂ ಶಕ್ತಿ ಹೋಗುತ್ತಂತೆ.
ಮರಳು, ಕೆಸರು, ಬಂಡೆ, ಹಿಮ,
ತಿರುಗಿಸುವ ಗುಂಡಿಯ ಸುತ್ತ ಒಂದೊಂದಕ್ಕೂ ಒಂದು ಚಿತ್ರ.
ಆ ಗುಂಡಿ ನಾನು ಮುಟ್ಟಿದ್ದು ಒರೆಸುವಾಗ ಮಾತ್ರ.
ನಮಗೆ ಸಿಕ್ಕ ಗುಂಡಿಗಳೆಲ್ಲ ಸಂಪಿಗೆ ರಸ್ತೆಯವು,
ಅವಕ್ಕೆ ಚಿತ್ರ ಬರೆದವರಿಲ್ಲ.

ಡೀಸೆಲ್ಲಿಗೆ ಇದು ಆಗಿಬರಲ್ಲ.
ಮೈ ಕಾವೇರುವ ಮುಂಚೆಯೇ ಮನೆ ಬಂದುಬಿಡುತ್ತೆ.
ಸುಡದೆ ಉಳಿದ ಮಸಿ ಹೊಗೆಕೊಳವೆಯ ಜಾಲರಿಯಲ್ಲಿ ಕೂತು,
ಕೂತು,
ಒಂದು ಬೆಳಿಗ್ಗೆ ಮೀಟರಿನ ಪಕ್ಕ
ಹಳದಿ ದೀಪ.

ಸರ್ವೀಸ್ ಸೆಂಟರಿನ ಮಿನೇಜಸ್ ಹೇಳಿದ:
"ಇದಕ್ಕೆ ಔಷಧಿ ಇಲ್ಲ ಗುರು. ರಾತ್ರಿ ಹೈವೇಗೆ ತಗೊಂಡು ಹೋಗು.
ನಿಲ್ಲಿಸದೆ ನಲವತ್ತು ನಿಮಿಷ ಓಡಿಸು.
ಒಳಗಿನ ಮಸಿ ತಾನೇ ಉರಿದು ಬೂದಿಯಾಗುತ್ತೆ."

ಹಾಗಾಗಿ, ಸಾಹೇಬರ ಅಪ್ಪಣೆಯಲ್ಲೇ,
ಹದಿನೈದು ದಿನಕ್ಕೊಮ್ಮೆ ಹನ್ನೊಂದು ಗಂಟೆಯ ಮೇಲೆ
ಮೇಖ್ರಿ ಸರ್ಕಲ್ ದಾಟಿ, ಹೆಬ್ಬಾಳದ ಫ್ಲೈಓವರ್ ಏರಿ
ದೇವನಹಳ್ಳಿ ಕಡೆಗೆ ನಾನೊಬ್ಬನೇ.

ಊರೊಳಗೆ ಗೊರಗೊರ ಕೆಮ್ಮುವ ಪ್ರಾಣಿ
ಯಲಹಂಕ ಕಳೆದ ಮೇಲೆ ಗಂಟಲು ಸರಿಮಾಡಿಕೊಂಡು
ಒಂದೇ ಶ್ರುತಿ ಹಿಡಿಯಿತು.
ಕಾಲು ಒತ್ತುವುದೇ ಬೇಡ, ಇಟ್ಟರೆ ಸಾಕು,
ಬೆನ್ನಿಗೆ ಯಾರೋ ಅಂಗೈ ಕೊಟ್ಟ ಹಾಗೆ.
ಕೋಟೆಯ ಗೋಡೆ ಕಾಣುವ ಹೊತ್ತಿಗೆ ದೀಪ ಆರಿತು.
ಆರಿದರೂ ತಿರುಗಲಿಲ್ಲ,
ಇನ್ನಷ್ಟು ದೂರ ಹೋದೆ.

ಮೂರನೇ ಸಲ, ಮೊದಲು ಲಗ್ಗೆರೆಗೆ ಹೋಗಿ
ಗಾರ್ಮೆಂಟ್ಸಿಂದ ಬಂದು ಮಲಗಿದ್ದವಳನ್ನು ಎಬ್ಬಿಸಿದೆ.
ಪುಷ್ಪಲತ ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿದಳು.
"ಎಲ್ಲಿಗಪ್ಪ?" ಅಂತ ಭುವಿ.
"ಎಲ್ಲಿಗೂ ಇಲ್ಲ. ಗಾಡಿಗೆ ಎದೆ ಕಟ್ಟಿದೆ, ಬಿಡಿಸೋಕೆ."
ಸೂರಿನ ಗಾಜು ಸರಿಸಿದೆ.
ವಿಮಾನದ ಹೊಟ್ಟೆ ನಮ್ಮ ನೆತ್ತಿಯ ಮೇಲೇ ಹಾದುಹೋಯಿತು.
"ಅದಕ್ಕೂ ಹಳದಿ ದೀಪ ಬಂದಿದ್ಯಾ?"
ಪುಷ್ಪಲತ ಏನೂ ಅನ್ನಲಿಲ್ಲ.
ಸೀಟಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತ,
ಬಹಳ ಹೊತ್ತಿನ ಮೇಲೆ,
"ಇದು ಎರಡು ಸೂಜಿ ಮಷೀನಿಂದು" ಅಂದಳು.

ಆಮೇಲೆ, ಇದನ್ನು ಯಾರಿಗೂ ಹೇಳಿಲ್ಲ,
ಮೇಡಂ ಬ್ಲೌಸ್ ಅಳತೆಗೆ ಒಳಗೆ ಹೋದಾಗಲೆಲ್ಲ
ಎಂಜಿನ್ ಆರಿಸದೆ ಅರ್ಧರ್ಧ ಗಂಟೆ ನಿಲ್ಲಿಸಿಕೊಂಡಿರುತ್ತಿದ್ದೆ,
ಮಸಿ ಬೇಗ ಕಟ್ಟಲಿ ಅಂತ.
ಕಡಲೆಕಾಯಿಯವನು ಟವೆಲಿನಿಂದ ಮೂಗು ಮುಚ್ಚಿ
ತಳ್ಳುಗಾಡಿಯನ್ನು ಆಚೆಗೆ ಸರಿಸಿಕೊಂಡ.
ನನ್ನ ಮುಖ ನೋಡಲಿಲ್ಲ.

ದೀಪಾವಳಿಗೆ ಹಾಲಲ್ಲಿ ದೊಡ್ಡ ವಾದ.
ಭಾಮೈದ: "ಡೀಸೆಲ್ ಅಂದ್ರೆ ಎಳೆತ, ಭಾವ. ಆನೆ ಎಳೆದ್ಹಂಗೆ."
ಸಾಹೇಬರು: "ಪೆಟ್ರೋಲ್ ಅಂದ್ರೆ ನಯ. ಲೋಟದ ನೀರು ಅಲ್ಲಾಡಲ್ಲ."
ಹತ್ತುವ ಬೆಟ್ಟದ ಮಾತು ಬಂತು,
ದಾಟುವ ಹೊಳೆಯ ಮಾತು ಬಂತು,
ಎಂಟನೇ ಕ್ರಾಸಿನ ಮಾತು ಬರಲಿಲ್ಲ.
ಕೊನೆಗೆ ನನ್ನ ಕಡೆ ತಿರುಗಿದರು:
"ಓಡಿಸೋನು ನೀನು. ಹೇಳಯ್ಯ ಬೋರಲಿಂಗ."

ಕಡಲೆಕಾಯಿಯವನ ಟವೆಲು ನೆನಪಾಯಿತೋ,
ಕೇಳಿದ್ದಕ್ಕೆ ನಿಜ ಹೇಳುವ ಹಾಳು ರೂಢಿಯೋ,
"ನಮ್ಮ ಓಡಾಟಕ್ಕೆ ಪೆಟ್ರೋಲೇ ಸರಿ ಸಾರ್" ಅಂದೆ.

ಹೊಸದು ಬಂತು. ಎದ್ದಿದ್ದೇ ಗೊತ್ತಾಗಲ್ಲ.
ಓಡುತ್ತಿದ್ದುದನ್ನು ನಿಂತಿದೆ ಅಂದುಕೊಂಡು
ಎರಡು ಸಲ ನಾನೇ ಆರಿಸಿದ್ದೇನೆ.
ಕುಡಿಯುವುದು ಜಾಸ್ತಿ, ಸದ್ದಿಲ್ಲದೆ ಕುಡಿಯುತ್ತೆ.
ಮಿನೇಜಸ್ ಕೈ ಕುಲುಕಿದ: "ಇನ್ನು ರಾತ್ರಿ ನಿದ್ದೆ ಮಾಡು ಗುರು."

ಮೊನ್ನೆ ಶನಿವಾರ ಭುವಿ ಎದ್ದೇ ಇದ್ದಳು.
"ಗಾಡಿಗೆ ಎದೆ ಕಟ್ಟಿಲ್ವಾ?"
"ಇದು ಹೊಸದು ಕಣೆ. ಇದಕ್ಕೆ ಆ ಕಾಯಿಲೆ ಬರಲ್ಲ."
"ಪಾಪ"
ಅಂದಳು.