ಗೊಬ್ನೆಟ್ ಕೇಳಿದ ಹಿಟ್ಟು

ಅವಳು ಯಾರಿಗೂ ಏನೂ ಹೇಳುತ್ತಿರಲಿಲ್ಲ.
ಬೂದು ಶಾಲು ಹೊದ್ದು ಬಂದು
ಗಲ್ಲಾದ ಮುಂದೆ ನಿಂತು
ಹಿಟ್ಟು ಕೇಳುತ್ತಿದ್ದಳು, ಅಷ್ಟೆ.

ಎರಡು ಪೌಂಡಾದರೆ ದ್ವೀಪವೇ ಉಸಿರು ಬಿಡುತ್ತಿತ್ತು.
ಅರ್ಧ ಮೂಟೆ, ಜೊತೆಗೆ ಚಹಾಪುಡಿ, ಹೊಗೆಸೊಪ್ಪು,
ಒಂದು ಡಜನ್ ಮಣ್ಣಿನ ಚಿಲುಮೆ ಎಂದಳೋ,
ಅದು ಹೆಣ ಕಾಯುವ ರಾತ್ರಿಯ ಸಾಮಾನು.
ಮನೆಮನೆಯಲ್ಲೂ ಹೆಂಗಸರು
ಮಲಗಿದವರ ತಲೆ ಎಣಿಸುತ್ತಿದ್ದರು.

ನೆತ್ತಿಯ ಮೇಲೆ ಪೊರೆ ಹೊದ್ದು ಹುಟ್ಟಿದವಳಂತೆ.
ಬಲಿಪೂಜೆಯಲ್ಲಿ ಪ್ರಸಾದಕ್ಕೆ ನಾಲಿಗೆ ಚಾಚಿದವನ
ತೋಳಿನಿಂದ ಉಪ್ಪುನೀರು ತೊಟ್ಟಿಕ್ಕುವುದು
ಅವಳಿಗೆ ಮಾತ್ರ ಕಾಣುತ್ತಿತ್ತಂತೆ.
ಈ ಅಂತೆಕಂತೆಗಳೆಲ್ಲ ನಮ್ಮವು.
ಅವಳದು ಬರೀ ಹಿಟ್ಟು.

ಫಾದರ್ ಟಿಯರ್ನನ್ ಪೀಠದಿಂದ ಗುಡುಗಿದರು:
"ನಾಳೆ ಎಂಬುದು ದೇವರ ಕೋಣೆ.
ಬೀಗದ ಕಿಂಡಿಗೆ ಕಣ್ಣಿಡುವುದು ಪಾಪ."
ಸೋಮವಾರ ಕತ್ತಲಾದ ಮೇಲೆ ಅಂಗಡಿಗೆ ಬಂದು
ಬೆಂಕಿಪೊಟ್ಟಣ ಕೊಂಡರು, ಗಾಳಿಯ ಮಾತಾಡಿದರು,
ಬಾಗಿಲಲ್ಲಿ ತಿರುಗಿ, ಟೋಪಿ ಕೈಯಲ್ಲೇ ಹಿಡಿದು,
"ಆಕೆ ಈ ವಾರ ಎಷ್ಟು ಒಯ್ದಳಪ್ಪ?"

ನನಗಾಗ ಹನ್ನೆರಡು. ಅಪ್ಪನ ತಕ್ಕಡಿ ನನ್ನ ಕೈಯಲ್ಲಿ.
ನವೆಂಬರು, ಹೆರಿಂಗ್ ಮೀನಿನ ಕಾಲ.
ಅಣ್ಣ ಫೆಸ್ಟಸ್ ಹೊಳೆಯುವ ಹೊಸ ದೋಣಿಗೆ
ಕೊನೆಯ ಕೈ ಡಾಂಬರು ಬಳಿಯುತ್ತಿದ್ದ.
ಗೊಬ್ನೆಟ್ ಬಂದಳು. ಅರ್ಧ ಮೂಟೆ ಎಂದಳು.
ನನ್ನ ಮುಖ ನೋಡಲಿಲ್ಲ.
ಅಷ್ಟೇ ಸಾಕಾಯಿತು ನನಗೆ.

"ಹಿಟ್ಟು ಮುಗಿದಿದೆ. ಮೇಯೋದಿಂದ ದೋಣಿ ಬರಬೇಕು."
ಬೆನ್ನ ಹಿಂದೆಯೇ ಮೂರು ಮೂಟೆ,
ನನ್ನ ಹುಬ್ಬಿನ ಮೇಲೂ ಬಿಳಿ ಧೂಳು.
ಮಾರದಿದ್ದರೆ ರೊಟ್ಟಿಯಿಲ್ಲ,
ರೊಟ್ಟಿಯಿಲ್ಲದೆ ಜಾಗರಣೆಯಿಲ್ಲ,
ಜಾಗರಣೆಯಿಲ್ಲದೆ ಸಾಯುವುದಾದರೂ ಹೇಗೆ?

ಅವಳು ನಾಣ್ಯಗಳನ್ನು ಒಂದೊಂದಾಗಿ
ಕರವಸ್ತ್ರಕ್ಕೆ ಮರಳಿ ಕಟ್ಟಿದಳು.
"ಹೌದು ಮಗೂ, ದೋಣಿ ಬರಬೇಕು."

ಗುರುವಾರ ದೋಣಿ ಬಂತು, ಬೋರಲಾಗಿ.
ಶನಿವಾರ ಅಣ್ಣ.

ಆ ರಾತ್ರಿ ನಮ್ಮ ಹೊಸ್ತಿಲ ಮೇಲೆ ಒಂಬತ್ತು ರೊಟ್ಟಿ,
ಬಟ್ಟೆ ಸುತ್ತಿ, ಇನ್ನೂ ಬಿಸಿ.
ಒಂದರಲ್ಲಿ ಬಾರ್ಲಿ, ಒಂದರಲ್ಲಿ ಓಟ್ಸ್,
ಒಂದರಲ್ಲಿ ಬರೀ ಆಲೂಗಡ್ಡೆಯೇ ಅನ್ನಬೇಕು.
ಮನೆಮನೆಗೆ ಹೋಗಿ ಹಿಡಿಹಿಡಿ ಬೇಡಿದ್ದಳು
ಯಾರಿಗೆಂದು ಹೇಳದೆ.

ಅವ್ವ ಮುರಿದು ಹಂಚಿದಳು. ನಾನೂ ತಿಂದೆ.
ಪಾಪನಿವೇದನೆಯ ಜಾಲರಿಯ ಮುಂದೆ
ಸುಳ್ಳಾಡಿದ್ದನ್ನು ಅರವತ್ತು ವರ್ಷದಿಂದ ಹೇಳುತ್ತಿದ್ದೇನೆ.
ತಿನ್ನುವಾಗ ಹಸಿವಿತ್ತು, ರುಚಿಯೂ ಇತ್ತು.
ಅದನ್ನು ಹೇಳಿಲ್ಲ.