ಉಗುರುಬೆಚ್ಚಗೆ

ಮತ್ರಾದ ಹಳೆಪೇಟೆಯಲ್ಲಿ, ಮೀನುಕಟ್ಟೆಯ ಹಿಂದೆ,
ಕರಿಬಂಡೆಯ ಗುಡ್ಡಕ್ಕೆ ಒರಗಿ ನಿಂತ ಓಣಿಯಲ್ಲಿ
ಚೆಯ್ಯಬ್ಬಾಕರ ಅಂಗಡಿ.
ಅಂಗಡಿಗೆ ಬೋರ್ಡಿಲ್ಲ.
ಪೇಟೆಯ ಬೋರ್ಡೆಲ್ಲ ಬರೆದವರು ಅವರೇ:
ಹಲ್ವಾ, ಹೊಲಿಗೆ, ಕ್ಷೌರ, ಟಯರು ಪಂಕ್ಚರು,
ಮೇಲೆ ಅರಬಿ, ಕೆಳಗೆ ಇಂಗ್ಲಿಷು.
ಕೆಳಗಿನದು ತುಸು ಓರೆ. ಅದಕ್ಕೆ ತಾನು ಹೊಣೆಯಲ್ಲ ಎನ್ನುತ್ತಿದ್ದರು.

ಬಲೆ-ಹಗ್ಗದ ಕಂಪನಿಯಲ್ಲಿ ಲೆಕ್ಕ ಬರೆಯುವವಳು ನಾನು.
ನಲವತ್ತೊಂದರ ವಯಸ್ಸಿನಲ್ಲಿ, ಒಂದು ಶುಕ್ರವಾರ,
ನನಗೂ ಕಲಿಸುತ್ತೀರಾ ಎಂದೆ.
ಯಾವ ದೇವರು, ಯಾವ ಜಾತಿ ಎಂದು ಕೇಳಿಯಾರೆಂದು ಕಾದೆ.
ಕೇಳಿದ್ದು ಇಷ್ಟೇ:
"ಚೂರಿ ಹಿಡಿದು ಅಭ್ಯಾಸ ಉಂಟಾ?"
"ಬಂಗುಡೆ ಕೊಯ್ದು ಉಂಟು."
"ಸಾಕು."

ಮೂರು ತಿಂಗಳು ಅಕ್ಷರವೇ ಇಲ್ಲ.
ಲಾಳದ ಕಡ್ಡಿ ಕೆತ್ತು, ಕೆಡಿಸು, ಮತ್ತೆ ಕೆತ್ತು,
ಹೆಬ್ಬೆರಳ ಉಗುರಿನ ಮೇಲೆ ಮೊನೆಯಿಟ್ಟು ಸೀಳು.
ಪಕ್ಕದಲ್ಲಿ ಎಂಟರ ಪೋರ ಖಲ್ಫಾನ್, ಮೂಗು ಸುರಿಸುತ್ತ,
ನನಗಿಂತ ಮೊದಲೇ ಚುಕ್ಕೆಗೆ ಬಡ್ತಿ ಪಡೆದ.

ಚುಕ್ಕೆ. ಅದೇ ಅಳತೆಗೋಲು.
ಏಳು ಚುಕ್ಕೆ ಎತ್ತರ ಅಲಿಫು,
ಬೆನ್ನು ನೆಟ್ಟಗೆ, ತಲೆ ಮಾತ್ರ ತುಸು ತಗ್ಗಿ,
ಸಾಲ ಕೇಳಲು ಹೋದ ಮರ್ಯಾದಸ್ಥನ ಹಾಗೆ.
ನನ್ನ ಕೈಗೋ ಕನ್ನಡದ ದುಂಡು:
ತಲೆಕಟ್ಟು, ಕೊಂಬು, ಒತ್ತು, ಒಳಸುಳಿ.
ನೆಟ್ಟಗೆ ಎಳೆದರೂ ತುದಿಯಲ್ಲಿ ಸುತ್ತಿಕೊಳ್ಳುವ ಬಳ್ಳಿ.
"ಬಾಗಿದ್ದು ತಪ್ಪಲ್ಲ," ಎಂದರು,
"ಹೇಳದೆ ಬಾಗಿದ್ದು ತಪ್ಪು."

ಶಾಯಿ ಅಂಗಡಿಯಲ್ಲಿ ಇರುತ್ತಿರಲಿಲ್ಲ.
ದೀಪದ ಕಾಡಿಗೆ, ಅಂಟು, ನೀರು ಸೀಸೆಗೆ ತುಂಬಿ
ದೋಸ್ತೀನನ ಲಾರಿಯ ಬಾಗಿಲಿಗೆ ಕಟ್ಟಿ ಕಳಿಸುತ್ತಿದ್ದರು
ಸಲಾಲಾಕ್ಕೆ. ಸಾವಿರ ಕಿಲೋಮೀಟರ್ ಹೋಗಿ, ಸಾವಿರ ಬಂದು,
ಮರಳುಗಾಡಿನುದ್ದ ಕುಲುಕಿ ಕುಲುಕಿ
ಹದಕ್ಕೆ ಬರಬೇಕು ಕಪ್ಪು.
"ಶಾಯಿ ಉಂಟಾ?" ಎಂದರೆ
"ಪ್ರಯಾಣದಲ್ಲಿದೆ, ಕೂತಿರು."
ಕೂತಿರುವುದನ್ನು ಹಾಗೆ ಕಲಿತೆ.

ಬಾಂಗ್ ಕೇಳಿದರೆ ಕುಂಚ ಅದ್ದಿಟ್ಟು ಏಳುವರು,
ಮೊಣಕೈಯ ಬಣ್ಣ ತಿಕ್ಕಿ ತೆಗೆದು ವುಜೂ ಮಾಡುವರು.
ಮರಳಿ ಬಂದು, ಅರ್ಧಕ್ಕೆ ನಿಂತ ಗೆರೆಯಲ್ಲೇ ಕೈ.
ಬೆಸುಗೆ ಎಲ್ಲಿ ಎಂದು ಹುಡುಕಿದೆ, ಸಿಗಲಿಲ್ಲ.

ಒಮ್ಮೆ ಕೇಳಿಯೇಬಿಟ್ಟೆ, ಲೆಕ್ಕದವಳ ಚಾಳಿ:
ಬೋರ್ಡು ಹೊಟ್ಟೆಗೆ, ಮಕ್ಕಳು ಪುಣ್ಯಕ್ಕೆ, ನಮಾಜು ದೇವರಿಗೆ.
ಇದರಲ್ಲಿ ನಿಮ್ಮ ಕಸುಬು ಯಾವ ಖಾತೆಯದು?
ಅವರು ಏಣಿ ಎತ್ತಿಕೊಂಡರು.
"ಮೊದಲು ಆ ಲಾಂಡ್ರಿಯವನದ್ದು. ಬಾ, ಏಣಿ ಹಿಡಿ."
ನಿನ್ನೆ ಬರೆದು ಹಣ ಪಡೆದ ಬೋರ್ಡು.
ಒಂದು ಚುಕ್ಕೆ ಕೂದಲೆಳೆಯಷ್ಟು ಸಣ್ಣದಂತೆ.
ಲಾಂಡ್ರಿಯ ಶೋಫಿಕುಲನಿಗೆ ಅರಬಿ ಬಾರದು,
ಬರುವವರಿಗೂ ಅದು ಕಾಣದು.
ರಾತ್ರಿ ಹತ್ತೂವರೆ, ಬಿಸಿಗಾಳಿ, ನನ್ನ ತಲೆಯ ಮೇಲೆ
ಅವರ ಬಿರಿದ ಹಿಮ್ಮಡಿ.
ಇಳಿದು, ದೂರ ನಿಂತು ನೋಡಿ, ಬೀಡಿ ಹಚ್ಚಿದರು.
ಉತ್ತರ ಕೊಟ್ಟಾಯಿತೆಂದೋ,
ಪ್ರಶ್ನೆಯೇ ಮರೆತುಹೋಯಿತೋ.

ಚಳಿಗಾಲಕ್ಕೆ ವಿನೈಲ್ ಕತ್ತರಿಸುವ ಯಂತ್ರ ಬಂತು,
ಗಂಟೆಗೆ ಹತ್ತು ಬೋರ್ಡು. ಹೋಗಿ ನೋಡಿ ಬಂದರು.
"ಅಳತೆ ನನಗಿಂತ ಸರಿ. ಪಾಪ,
ಅದಕ್ಕೆ ಒಬ್ಬ ಶಿಷ್ಯನಿಲ್ಲ."

ಬಾಗಿಲ ಬಳಿ ಹಾಲಿನ ಪುಡಿಯ ಡಬ್ಬಿ.
ಕಡ್ಡಿ ಕೆತ್ತಿದ ಚೂರೆಲ್ಲ ಅದಕ್ಕೆ.
ಯಾಕೆ? "ಹಳೆ ಬರಹಗಾರರ ಕ್ರಮ.
ನನ್ನ ಮಯ್ಯತ್ತು ಮೀಯಿಸುವ ದಿನ ನೀರು ಕಾಯಿಸಲಿಕ್ಕೆ."
ಅಲುಗಿಸಿ ನಕ್ಕರು.
"ನಲವತ್ತು ವರ್ಷದ್ದು. ಉಗುರುಬೆಚ್ಚಗೂ ಆಗದು.
ನಿನ್ನದೂ ಹಾಕು. ಖಲ್ಫಾನ್, ನಿನ್ನದೂ."

ರೂವಿಯ ನನ್ನ ಬಾಡಿಗೆ ಅಡುಗೆಮನೆಯಲ್ಲಿ ಈಗ ಶನಿವಾರ
ಮೇಲ್ಮಹಡಿಯ ಮೂರು ಮಕ್ಕಳಿಗೆ ಕನ್ನಡದ ಅ.
ಮೊದಲ ದಿನ ಚೂರಿ ಕೊಟ್ಟೆ, ತಾಯಂದಿರಿಗೆ ಗಾಬರಿ.
ಸಂಜೆ ಚೂರು ಪೊಟ್ಟಣ ಕಟ್ಟಿ, ಮಡಿಲಲ್ಲಿಟ್ಟು,
ಬಸ್ಸು ಹತ್ತುತ್ತೇನೆ ಮತ್ರಾಕ್ಕೆ.
ಅವರು ಮೂಸಿ ನೋಡಿ, "ಯಾರದಿದು, ಅವಸರದ್ದು?"
ಎಂದು ಮುಚ್ಚಳ ತೆರೆಯುತ್ತಾರೆ.
ಡಬ್ಬಿ ಕಂಠದವರೆಗೆ ಬಂದಿದೆ.
ಈಚೆಗೆ ನಾನು
ಅರ್ಧ ಪೊಟ್ಟಣ ಮಾತ್ರ ಸುರಿಯುತ್ತೇನೆ.