ಒಂದಿಂಚು ಒಳಗೆ

"ಮಾರ್ಜಿನ್ ಬಿಡುವುದು ಬೇಡ, ಶಶಿಪ್ರಭಕ್ಕ,
ಮುಂದಿನ ತಿಂಗಳು ನನ್ನ ಸೊಂಟ ನಾಲ್ಕಿಂಚು ಕಡಿಮೆ"
ಎನ್ನುತ್ತಾಳೆ ಜಸಿಂತಾ, ಎರಡೂ ಕೈ ಎತ್ತಿ ನಿಂತು,
ಫಳ್ನೀರಿನ ನನ್ನ ಅಂಗಡಿಯ ಪರದೆಯ ಹಿಂದೆ.
ಫ್ಯಾನು ತಿರುಗಿದರೂ ಸೆಕೆ ಕದಲುವುದಿಲ್ಲ.
ನನ್ನ ಬಾಯಲ್ಲಿ ಮೂರು ಗುಂಡುಸೂಜಿ,
ಹಾಗಾಗಿ ತಕ್ಷಣ ಏನೂ ಹೇಳಲಿಲ್ಲ.

ಮೂವತ್ತೊಂದು ವರ್ಷ ಈ ಟೇಪು ಹಿಡಿದಿದ್ದೇನೆ.
ಗಂಡನಿಗೂ ಗೊತ್ತಿಲ್ಲದ್ದು ನನ್ನ ಡೈರಿಗೆ ಗೊತ್ತು:
ಹೆರಿಗೆಗೆ ಮೊದಲು, ಹೆರಿಗೆಯ ನಂತರ,
ಅತ್ತೆ ಸತ್ತ ವರ್ಷ, ಥೈರಾಯ್ಡ್ ಬಂದ ವರ್ಷ.
ದರ್ಜಿಗೆ ಕಣ್ಣಿರಬೇಕು, ನಾಲಗೆ ಇರಬಾರದು
ಎನ್ನುತ್ತಿದ್ದರು ಕೆಲಸ ಕಲಿಸಿದ ಬೆನೆಡಿಕ್ಟಾ ಬಾಯಿ.
ಇವತ್ತು ಆ ಮಾತು ಮುರಿಯುತ್ತೇನೆ.

ನೋಡಲ್ಲಿ, ಮೂಲೆಯ ಮೊಳೆಗೆ
ಪಾಚಿ ಬಣ್ಣದ ರವಿಕೆ.
ಹೆಸರು ಕೇಳಬೇಡ, ಒಬ್ಬರು ಟೀಚರು.
ಮಗಳ ಮದುವೆಗೆಂದು ಹೊಲಿಸಿದ್ದು.
ಬೇಕರಿಯ ಮೇಲಿನ ಮಾಳಿಗೆಯಲ್ಲಿ ಕೊಬ್ಬು ತೆಗೆಸಿಕೊಂಡರಂತೆ,
ಬೆಳಿಗ್ಗೆ ಹೋಗಿ ಸಂಜೆಗೆ ಮನೆ, ಹಬ್ಬದ ರಿಯಾಯಿತಿ.
ಐದನೆಯ ದಿನ ಒಂದು ಕಾಲಿನ ಮೀನಖಂಡ ಮಾತ್ರ ಊದಿತು.
ಫೋಟೋ ಕಳಿಸಿದರೆ ಉತ್ತರ: ಸಾಮಾನ್ಯ, ವಿಶ್ರಾಂತಿ ಮಾಡಿ.
ಮಾಡಿದರು. ಮಲಗಿದರು.
ಆರನೆಯ ರಾತ್ರಿ ಮಲಗಿದಲ್ಲೇ
ಬಾವುಟಗುಡ್ಡೆ ಓಡಿ ಹತ್ತಿದವರ ಏದುಸಿರು.
ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶ ಸೇರಿತ್ತು.
ಹನ್ನೊಂದು ದಿನ ಐಸಿಯು.
ಮದುವೆ ಆಯಿತು. ಅವರು ಫೋನಿನಲ್ಲಿ ನೋಡಿದರು.
ತಿಂಗಳುಗಳ ಮೇಲೆ ಬಂದು, ರವಿಕೆ ತೊಟ್ಟು,
ಕನ್ನಡಿಗೆ ಬೆನ್ನು ಹಾಕಿ, "ಇಲ್ಲೇ ಇರಲಿ" ಎಂದರು.
ಇಲ್ಲೇ ಉಂಟು.

ಬೇಡ ಅಂತ ನಾನು ಹೇಳುವುದಲ್ಲ ಮಾರಾಯ್ತಿ.
ಸರಿಯಾಗಿ ಮಾಡಿಸಿ ಖುಷಿಯಾಗಿರುವವರೂ ಡೈರಿಯಲ್ಲಿದ್ದಾರೆ.
ಒಬ್ಬಳು ನಗುತ್ತ ಹೇಳಿದ್ದಳು, ಆಸ್ಪತ್ರೆಯಲ್ಲಿ
ಸರ್ಜನ್ ಹೊಟ್ಟೆಯ ಮೇಲೆ ನೇರಳೆ ಗೆರೆ ಎಳೆದರಂತೆ,
"ನಿಮ್ಮ ಚಾಕಿನ ಹಾಗೆಯೇ ಅಕ್ಕ."
ಅಷ್ಟೇ ಹೌದು. ನನ್ನ ಕತ್ತರಿ ತಪ್ಪಿದರೆ
ಹಂಪನಕಟ್ಟೆಯಲ್ಲಿ ಮೀಟರಿಗೆ ನೂರ ಎಂಭತ್ತು, ಬೇರೆ ಬಟ್ಟೆ.
ಚರ್ಮ ಯಾವ ಅಂಗಡಿಯಲ್ಲಿ?

ಆ ಸರ್ಜನ್ ಮೊದಲ ದಿನವೇ ಅಂದಿದ್ದರಂತೆ:
ಇದು ತೂಕ ಇಳಿಸುವುದಲ್ಲ, ಆಕಾರ ತಿದ್ದುವುದು.
ಒಂದೇ ಸಲಕ್ಕೆ ಬೇಕಾದಷ್ಟು ಲೀಟರ್ ತೆಗೆಯಲಿಕ್ಕೆ ಇದು ಎಣ್ಣೆ ಗಾಣವಲ್ಲ.
ಚರ್ಮ ಅಲೆ ಅಲೆಯಾಗಿ ಉಳಿಯಬಹುದು,
ಮುಟ್ಟಿದ್ದು ತಿಂಗಳುಗಟ್ಟಲೆ ಗೊತ್ತಾಗದಿರಬಹುದು,
ಕೊಳವೆ ದಾರಿ ತಪ್ಪಿದರೆ ಕರುಳಿಗೂ ತಾಗೀತು,
ಅಪರೂಪ, ಆದರೂ ಕೇಳಿಸಿಕೊಳ್ಳಿ.
ಕೇಳಿಸಿಕೊಂಡ ಮೇಲೆಯೇ ಸಹಿ.

ನೀನು ಕೇಳಿದೆಯಾ? ಅರಿವಳಿಕೆ ಕೊಡುವವರು ಯಾರು,
ಕೊಟ್ಟು ಹೋಗುವವರಾ,
ಮುಗಿಯುವ ತನಕ ನಿನ್ನ ತಲೆಯ ಹತ್ತಿರ ಕೂರುವವರಾ?
ರಾತ್ರಿ ಎರಡಕ್ಕೆ ಎದೆ ಬಿಗಿದರೆ ಯಾವ ನಂಬರು, ಎತ್ತುವುದು ಯಾರು?
ಮುಟ್ಟು ಮುಂದೂಡಲಿಕ್ಕೆ ಮಾತ್ರೆ ನುಂಗುತ್ತೀಯಲ್ಲ, ಹೇಳಿದೆಯಾ?
ಆ ಹಸಿರು ಪುಡಿಯ ಡಬ್ಬಿ?

ಜಸಿಂತಾ ಕೈ ಇಳಿಸಿದಳು.
"ಅಷ್ಟೆಲ್ಲ ಕೇಳಿದರೆ ಅವರು ಎಂತ ತಿಳಿದುಕೊಳ್ಳುತ್ತಾರೆ?"

ಇಲ್ಲಿ ರವಿಕೆಯ ಕುತ್ತಿಗೆಗೆ ಅರ್ಧ ಗಂಟೆ ವಾದ ಮಾಡುವವಳು,
ಡೋರಿ ಎಷ್ಟುದ್ದ, ಕುಚ್ಚು ಯಾವ ಬಣ್ಣ,
ಲೈನಿಂಗ್ ಬಣ್ಣ ಬಿಟ್ಟರೆ ಯಾರು ಹೊಣೆ ಎಂದು!
ಇಬ್ಬರೂ ನಕ್ಕೆವು. ನಗು ಬೇಗ ಮುಗಿಯಿತು.
ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡು
ಹಿಂಬದಿಗೆ ಏನೋ ಬರೆದಳು,
ಮಡಚಿ ಪರ್ಸಿಗೆ ಹಾಕಿದಳು. ಹೋಗುತ್ತಾಳೋ, ಎಲ್ಲಿಗೆ,
ಹೇಳಲಿಲ್ಲ. ನಾನು ಕೇಳಲಿಲ್ಲ.

ಡೈರಿಯಲ್ಲಿ ಬರೆದೆ: ಸೊಂಟ ಮೂವತ್ತೆಂಟೂವರೆ.
ಅವಳು ಮೆಟ್ಟಿಲಿಳಿದ ಮೇಲೆ ಬಟ್ಟೆ ಹಾಸಿ
ಚಾಕಿನ ಗೆರೆಯಿಂದ ಆಚೆ
ಒಂದಿಂಚು ಬಿಟ್ಟು ಕತ್ತರಿಸಿದೆ.

ಆ ಪಾಚಿ ಬಣ್ಣದ್ದಕ್ಕೂ ಬಿಟ್ಟಿದ್ದೆ.